ಜಾಹೀರಾತಿಗೂ ಮುನ್ನ ವಿಳಾಸ
ಬೆಳಗಾವಿಯಿಂದ ಖಾನಾಪುರದತ್ತ ಸಾಗುವ ರಸ್ತೆಯಲ್ಲಿ, ಉದ್ಯಮಬಾಗವನ್ನು ದಾಟಿದ ಬಳಿಕ ಪೀರನವಾಡಿ ದೊರೆಯುತ್ತದೆ. ಯಂತ್ರದ ಬಿಡಿಭಾಗಗಳನ್ನು ಅರಸಿ ಬರುವ ಪರಊರಿನ ಗ್ರಾಹಕನು ಇಂದು ದಾರಿಹೋಕರನ್ನು ಕೇಳುವ ಮೊದಲು ಮೊಬೈಲಿನಲ್ಲಿ ಹುಡುಕುತ್ತಾನೆ. ಅಲ್ಲಿ ನಮ್ಮ ಹೆಸರು ಕಾಣದಿದ್ದರೆ, ಅಥವಾ ಹಳೆಯ ದೂರವಾಣಿ ಸಂಖ್ಯೆ ಕಂಡರೆ, ಆ ಬೇಡಿಕೆಯು ನಮ್ಮ ಅರಿವಿಗೆ ಬಾರದೆಯೇ ಮತ್ತೊಬ್ಬರ ಪಾಲಾಗುತ್ತದೆ. ಆದ್ದರಿಂದ ಜಾಹೀರಾತಿಗೆ ಹಣ ತೊಡಗಿಸುವ ಮುನ್ನ ವಿಳಾಸವನ್ನು ಸರಿಪಡಿಸಿಕೊಳ್ಳುವುದೇ ಡಿಜಿಟಲ್ ಮಾರಾಟದ ಮೊದಲ ಪಾಠ.

ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ನೋಂದಣಿಗೆ ಶುಲ್ಕವಿಲ್ಲ. ಸಂಸ್ಥೆಯ ಹೆಸರನ್ನು ನಾಮಫಲಕದಲ್ಲಿರುವಂತೆಯೇ ಬರೆಯತಕ್ಕದ್ದು. ನಕಾಶೆಯ ಗುರುತು ಗೇಟಿನ ಮುಂದೆಯೇ ಇರಬೇಕು. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಆದರೂ ಹಳೆಯ ಹೆಸರಿನಿಂದ ಹುಡುಕುವವರು ಇಂದಿಗೂ ಇದ್ದಾರೆ. ಆದ ಕಾರಣ ವಿಳಾಸದಲ್ಲಿ ಇಂದಿನ ಹೆಸರನ್ನೂ ವಿವರಣೆಯಲ್ಲಿ ಹಳೆಯದನ್ನೂ ನಮೂದಿಸುವುದು ಸೂಕ್ತ.

ಎರಡನೆಯ ಹೆಜ್ಜೆ ವಾಟ್ಸ್‌ಆಪ್ ಬಿಸಿನೆಸ್. 2018ರಲ್ಲಿ ಭಾರತಕ್ಕೆ ಬಂದ ಈ ಆಪ್‌ನ ಕ್ಯಾಟಲಾಗ್‌ನಲ್ಲಿ ಸರಕಿನ ಚಿತ್ರ, ಅಳತೆ, ಬೆಲೆಗಳನ್ನು ಸೇರಿಸಬಹುದು. ಸಾಮಾನ್ಯ ಪ್ರಶ್ನೆಗಳಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಸಿದ್ಧ ಉತ್ತರಗಳನ್ನು ಬರೆದಿಟ್ಟುಕೊಂಡರೆ ನಮ್ಮ ಗಡಿಭಾಗದ ವ್ಯಾಪಾರಕ್ಕೆ ಅನುಕೂಲ. ಆದರೆ ಒಪ್ಪಿಗೆ ಇಲ್ಲದವರಿಗೆ ಪದೇ ಪದೇ ಸಂದೇಶ ಕಳುಹಿಸಬಾರದು. ಬೇಸತ್ತವರು ನಮ್ಮ ಸಂಖ್ಯೆಯನ್ನೇ ಬ್ಲಾಕ್ ಮಾಡಿಬಿಡುತ್ತಾರೆ.

ಕೊನೆಯದಾಗಿ, ಪ್ರತಿಯೊಬ್ಬ ಹೊಸ ಗ್ರಾಹಕನನ್ನೂ “ನಮ್ಮ ವಿಷಯ ಎಲ್ಲಿಂದ ತಿಳಿಯಿತು?” ಎಂದು ವಿಚಾರಿಸಿ, ಉತ್ತರವನ್ನು ಬಿಲ್ಲಿನ ಪ್ರತಿಯ ಮೇಲೆ ಬರೆದಿಡಿ. ಜಾಹೀರಾತಿನ ಹಣವನ್ನು ಎಲ್ಲಿ ತೊಡಗಿಸಬೇಕೆಂಬುದನ್ನು ಮೂರು ತಿಂಗಳ ಆ ಟಿಪ್ಪಣಿಗಳೇ ತೋರಿಸಿಕೊಡುವುವು.