ಕೋಡಿಗೆ ಜಾಗ ಬಿಡು, ಮಗಾ

ಮಗಾ, ಬೋರ್ ಕೊರೆಸ್ತೀಯ ಅಂತ ನಿಮ್ಮಪ್ಪ ಹೇಳಿದ. ಯಂತ್ರದವರನ್ನು ಕರೆಸಿ ನೆಲ ತೋರಿಸಿದ್ದೀಯ, ಮಳೆಯ ಲೆಕ್ಕವನ್ನೆಲ್ಲ ಫೋನಿನಲ್ಲಿ ಇಟ್ಟುಕೊಂಡಿದ್ದೀಯ. ಮೆಚ್ಚಿದೆ. ಆದರೆ "ಈ ಸಲ ನೀರು ಬಂದೇ ಬರುತ್ತೆ, ಅನುಮಾನವೇ ಬೇಡ" ಅಂದೆಯಂತೆ. ಆ ಒಂದು ಮಾತಿಗೆ ಈ ಕಿವಿಮಾತು.

ನಮ್ಮ ಜವನಗೊಂಡನಹಳ್ಳಿ ಕಡೆ ಹುಟ್ಟಿದವನಿಗೆ ಇದು ಹೊಸದಲ್ಲ. ಬದುವಿನ ಆಚೆ ಎರಡಿಂಚು ನೀರು, ಈಚೆ ಬರೀ ಬೂದುಬಣ್ಣದ ಹುಡಿ. ಗಟ್ಟಿ ಬಂಡೆಯ ನೆಲ ಇದು, ನೀರು ಕೂತಿರೋದು ಬಂಡೆಯ ಬಿರುಕಿನಲ್ಲಿ. ಆ ಬಿರುಕು ಎಲ್ಲಿ ಹೊರಟು ಎಲ್ಲಿ ತಿರುಗುತ್ತೋ ಯಂತ್ರಕ್ಕೂ ಪೂರ್ತಿ ಕಾಣದು, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವನಿಗೂ ಕಾಣದು. ಲಾರಿ ನಿಂತ ರಾತ್ರಿ, ಕೊಳವೆಯಿಂದ ಹಾರಿ ಬಿದ್ದ ಹುಡಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ, ತೇವ ಹತ್ತಿತೇ ಅಂತ ನೋಡ್ತಾರಲ್ಲ, ಆ ಹೊತ್ತಿನಲ್ಲಿ ಎಷ್ಟು ಓದಿದವನೂ ಮಾತು ಬಿಟ್ಟಿರ್ತಾನೆ.

ಮಾರಿಕಣಿವೆ ಅಣೆಕಟ್ಟೆಗೆ ಹೋದಾಗ ಬರೀ ಕಟ್ಟೆ ನೋಡಿ ಬರಬೇಡ, ಕೋಡಿಯನ್ನೂ ನೋಡು. 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ ಕೆಲಸ ಅದು. ತುಂಬಿದರೆ 130 ಅಡಿ ನೀರು, 30 ಟಿಎಂಸಿ. ಕಟ್ಟಿದವರು ಲೆಕ್ಕ ಬಲ್ಲವರು. ಬಲ್ಲವರಾದದ್ದಕ್ಕೇ, ತಮ್ಮ ಲೆಕ್ಕ ಮೀರಿ ಬರುವ ನೀರಿಗೂ ಒಂದು ದಾರಿ ಬಿಟ್ಟರು. 1933ರಲ್ಲಿ ಕೋಡಿ ಹರಿಯಿತು. ಆಮೇಲೆ 89 ವರ್ಷ ಅಲ್ಲಿ ಹನಿ ಬೀಳಲಿಲ್ಲ. ಮೊದಲ ಸಲ ಕಂಡವರು ಹೆಚ್ಚುಕಡಿಮೆ ಎಲ್ಲರೂ ಹೋದರು. 2017ರ ಹೊತ್ತಿಗೆ ನೀರು ತಳ ಕಂಡಿತ್ತು, ಹಿರಿಯೂರು ಸೀಮೆಯ ತೆಂಗು ಅಡಿಕೆ ನಿಂತಲ್ಲೇ ಒಣಗಿದವು. ಇನ್ನು ಇದು ತುಂಬುವ ಮಾತೇ ಇಲ್ಲ ಅಂದವರು ಎಷ್ಟು ಜನ! ಐದೇ ವರ್ಷಕ್ಕೆ, 2022ರ ಸೆಪ್ಟೆಂಬರಿನಲ್ಲಿ, ಹುಬ್ಬೆ ಮಳೆಯ ಹೊತ್ತಿಗೆ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಭದ್ರೆಯಿಂದ ಎತ್ತಿ ತಂದ ನೀರೂ ಅದರಲ್ಲಿ ಸೇರಿತ್ತು, ಅದನ್ನು ಮರೆಯಬಾರದು. ಮನುಷ್ಯ ಮಾಡಬೇಕಾದ್ದನ್ನು ಮಾಡಿದ. ಮೋಡ ಮಾತ್ರ ಅವನ ಕೈಯಲ್ಲಿರಲಿಲ್ಲ.

ಅದಕ್ಕೇ ಹೇಳೋದು, "ಬಂದೇ ಬರುತ್ತೆ" ಅನ್ನೋದು ಎಷ್ಟು ಸೊಕ್ಕಿನ ಮಾತೋ, "ಇನ್ನು ಬರೋದಿಲ್ಲ, ಎಲ್ಲ ಮುಗೀತು" ಅನ್ನೋದೂ ಅಷ್ಟೇ. ನಾಳೆಯನ್ನು ಕಂಡವನ ಹಾಗೆ ಇಬ್ಬರೂ ಮಾತಾಡ್ತಾರೆ. ಸಾಲಕ್ಕೆ ಹೆದರಿ ಕೈಚೆಲ್ಲಿ ಕೂತ ಹುಡುಗರನ್ನು ಕಂಡಾಗ ನನ್ನ ಹೊಟ್ಟೆ ಉರಿಯುತ್ತೆ, ಮಗಾ. ದೇವರನ್ನು ನಂಬೋದು ಅಂದರೆ ನನ್ನ ಮಟ್ಟಿಗೆ ಇಷ್ಟೇ: ನನಗೆ ಕಾಣದ್ದನ್ನು ಕಾಣುವವನೊಬ್ಬ ಇದ್ದಾನೆ, ನನ್ನ ಲೆಕ್ಕ ಮುಗಿದ ಕಡೆ ಅವನದು ಮುಗಿದಿರೋದಿಲ್ಲ.

ಹಾಗಂತ ಅವನ ಮನಸ್ಸಿನಲ್ಲಿ ಏನಿದೆ ಅಂತ ಹೇಳೋಕೆ ಹೋಗಬೇಡ. ಪಕ್ಕದವನ ಬೋರ್ ಫೇಲಾದರೆ "ಏನು ಕರ್ಮ ಮಾಡಿದ್ದನೋ" ಅನ್ನುವ ಬಾಯಿಗಳಿವೆ. ಅಂಥ ಮಾತು ನಿನ್ನ ನಾಲಿಗೆಗೆ ಬರಕೂಡದು. ಅದು ಭಕ್ತಿಯಲ್ಲ. ಅಣೆಕಟ್ಟೆ ತುಂಬಲಿ ಅಂತ ಕಣಿವೆ ಮಾರಮ್ಮನಿಗೆ ಎಷ್ಟೋ ಜನ ಹರಕೆ ಹೊತ್ತರು. ತುಂಬಿದಾಗ ಹಿನ್ನೀರು ಹೊಸದುರ್ಗದ ಕಡೆ ರೈತರ ಜಮೀನಿಗೆ ನುಗ್ಗಿತು. ನಾವು ಹಬ್ಬ ಮಾಡಿದ ನೀರೇ ಅವರಿಗೆ ಕಣ್ಣೀರಾಯಿತು. ಯಾರಿಗೆ ಒಲಿದಳು, ಯಾರ ಮೇಲೆ ಮುನಿದಳು ಅಂತ ನಾನು ಹೇಳಲಾರೆ. ಕೈ ಮುಗಿಯಬಲ್ಲೆ, ಅವರಿಗೆ ಪರಿಹಾರ ಸಿಗಲಿ ಅಂತ ಕೇಳಬಲ್ಲೆ.

ಸೋಮವಾರ ಲಾರಿ ಬರುತ್ತೆ ಅಂದರು. ಪೂಜೆ ಮಾಡಿಸು, ಕಾಯಿ ಒಡಿ. ಎಷ್ಟು ಅಡಿಗೆ ನಿಲ್ಲಿಸ್ತೀಯ ಅನ್ನೋದನ್ನು ಇವತ್ತೇ ನಿಮ್ಮಮ್ಮನ ಮುಂದೆ ಹೇಳಿಬಿಡು. ಲಾರಿಯ ಸದ್ದಿನಲ್ಲಿ, ಇನ್ನೊಂದು ಐವತ್ತಡಿ ನೋಡೋಣ ಅನ್ನುವ ಆಸೆಯಲ್ಲಿ, ಆ ವಿವೇಕ ನಿಲ್ಲೋದಿಲ್ಲ. ಅವಳ ಒಡವೆ ಅಡವಿಡಬೇಡ. ಬೀಜದ ಶೇಂಗಾ ಮಾರಬೇಡ, ನೀರು ಬಾರದಿದ್ದರೂ ಮಳೆಗೆ ಬಿತ್ತಬಹುದು. ನೀರು ಬಂದರೂ ಸರಿ, ಬಾರದಿದ್ದರೂ ಸರಿ, ಬೆಳಗಾಗುವುದನ್ನು ಕಾಯದೆ ನನಗೊಂದು ಫೋನ್ ಮಾಡು.