ಮೈಸೂರಿನಿಂದ ಎರಡು ದಿನದ ಸಫಾರಿ: ಯಾವ ಕಾಡು, ಯಾವ ಗೇಟು?

ಪ್ರಶ್ನೆ: ನಾವು ಮೈಸೂರಿನವರು. ಶನಿವಾರ ಹೊರಟು ಭಾನುವಾರ ಸಂಜೆಯೊಳಗೆ ಮನೆ ಸೇರುವ ಹಾಗೆ ಸಫಾರಿಗೆ ಹೋಗಬೇಕೆಂದಿದ್ದೇವೆ. ಜೊತೆಗೆ ಎಂಟು ವರ್ಷದ ಮಗಳಿದ್ದಾಳೆ. ಒಬ್ಬರು ಬಂಡೀಪುರ ಅನ್ನುತ್ತಾರೆ, ಇನ್ನೊಬ್ಬರು ನಾಗರಹೊಳೆ, ಮತ್ತೊಬ್ಬರು ಕಬಿನಿ. ಎಲ್ಲಿಗೆ, ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು?

ಉತ್ತರ: ಹೊರಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಮೂರು ಹೆಸರು ಕೇಳಿ ಮೂರು ಕಾಡು ಎಂದುಕೊಳ್ಳುವುದು ಸಹಜ. ಆದರೆ ಕಬಿನಿ ಎಂಬ ಬೇರೆ ಅಭಯಾರಣ್ಯವಿಲ್ಲ, ಅದು ನದಿ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಅದರ ಹಿನ್ನೀರು ಕಾಕನಕೋಟೆಯ ಕಾಡಿನೊಳಕ್ಕೆ ಹರಡಿತು. ಆ ಹಿನ್ನೀರಿನ ಒಂದು ದಡ ನಾಗರಹೊಳೆ, ಎದುರು ದಡ ಬಂಡೀಪುರ. ‘ಕಬಿನಿಗೆ ಹೋಗಿದ್ದೆವು’ ಎನ್ನುವವರು ಸಾಮಾನ್ಯವಾಗಿ ನೋಡಿ ಬಂದಿರುವುದು ನಾಗರಹೊಳೆಯ ದಕ್ಷಿಣದ ಭಾಗವನ್ನು.

ಹೀಗಾಗಿ ಯಾವ ಕಾಡು ಎನ್ನುವುದಕ್ಕಿಂತ ಯಾವ ಗೇಟು ಎಂಬುದೇ ಮುಖ್ಯ. ನಾಗರಹೊಳೆಗೆ ಸಫಾರಿ ಹೊರಡುವ ಜಾಗಗಳು ಮೂರು: ಹುಣಸೂರು ಕಡೆಯ ವೀರನಹೊಸಹಳ್ಳಿ, ಕೊಡಗಿನ ಕುಟ್ಟದ ಬಳಿಯ ನಾಣಚ್ಚಿ, ಎಚ್.ಡಿ. ಕೋಟೆ ಕಡೆಯ ದಮ್ಮನಕಟ್ಟೆ. ಎಷ್ಟೋ ಜನ ನಾಣಚ್ಚಿಗೆ ಟಿಕೆಟ್ ಮಾಡಿಸಿ, ಕಬಿನಿ ಹಿನ್ನೀರಿನ ದಡದ ಕಾರಾಪುರದಲ್ಲಿ ರೂಮು ಹಿಡಿಯುತ್ತಾರೆ. ಟಿಕೆಟ್ಟಿನಲ್ಲಿ ನಾಗರಹೊಳೆ ಎಂದೇ ಇರುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಒಂದು ಕಾಡಿನ ಈ ತುದಿ, ಇನ್ನೊಂದು ಅದರ ಆ ತುದಿ. ಬೆಳಗಿನ ಜಾವ ಅಲ್ಲಿಂದ ಇಲ್ಲಿಗೆ ಓಡುವುದು ಆಗದ ಮಾತು. ಮೊದಲು ಗೇಟು ಗೊತ್ತುಮಾಡಿಕೊಂಡು, ಆಮೇಲೆ ಅದರ ಹತ್ತಿರವೇ ತಂಗುವ ಜಾಗ ನೋಡಿ.

ನಿಮಗೆ ನಾನು ಹೇಳುವುದು ದಮ್ಮನಕಟ್ಟೆ. ಎಚ್.ಡಿ. ಕೋಟೆ, ಅಂತರಸಂತೆ ದಾರಿಯಲ್ಲಿ ಮೈಸೂರಿನಿಂದ ಸುಮಾರು ಎರಡು ಗಂಟೆ. ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೂ ಊಟದ ಹೊತ್ತಿಗೆ ತಲುಪಿ, ಮಧ್ಯಾಹ್ನದ ಸಫಾರಿ ಹಿಡಿಯಬಹುದು. ಭಾನುವಾರ ಬೆಳಗಿನದನ್ನೂ ಮುಗಿಸಿ ನಿಧಾನವಾಗಿ ಮನೆ ಸೇರಬಹುದು. ಎರಡೂ ಹೊತ್ತು ಹೋಗಿ. ಸಂಜೆ ನೋಡಿದ ಕಾಡು ಬೆಳಿಗ್ಗೆ ಬೇರೆಯೇ ಆಗಿರುತ್ತದೆ. ಅರಣ್ಯ ಇಲಾಖೆಯ ಬಸ್ಸಿಗೆ ಖರ್ಚು ಕಡಿಮೆ. ರೆಸಾರ್ಟ್ ನಡೆಸುವ ಜಂಗಲ್ ಲಾಡ್ಜಸ್‌ನವರದ್ದು ದುಬಾರಿಯಾದರೂ ವಸತಿ, ಊಟ, ಸಫಾರಿ ಎಲ್ಲ ಒಟ್ಟಿಗೆ ಸೇರಿರುತ್ತದೆ. ವಾರಾಂತ್ಯದ ಸೀಟುಗಳು ಬೇಗ ಮುಗಿಯುವುದರಿಂದ ಯಾವುದಾದರೂ ಮುಂಚಿತವಾಗಿ ಕಾಯ್ದಿರಿಸಿಕೊಳ್ಳಿ.

ಒಂದೇ ದಿನ ಬಿಡುವು ಸಿಕ್ಕರೆ ಬಂಡೀಪುರ ಸಾಕು. ನಂಜನಗೂಡು, ಗುಂಡ್ಲುಪೇಟೆ ದಾಟಿದರೆ ಸಫಾರಿ ಹೊರಡುವ ಮೇಲುಕಾಮನಹಳ್ಳಿ. ರಸ್ತೆಯೂ ಚೆನ್ನಾಗಿದೆ. ಆದರೆ ಊಟಿ ರಸ್ತೆಯಲ್ಲಿ ಸ್ವಂತ ಕಾರು ನಿಲ್ಲಿಸಿ ಆನೆ ನೋಡುವುದನ್ನು ಸಫಾರಿ ಎಂದುಕೊಳ್ಳಬೇಡಿ. ಅಲ್ಲಿ ವಾಹನ ನಿಲ್ಲಿಸುವಂತಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೂ ನಿಷಿದ್ಧ.

ತಿಂಗಳ ವಿಚಾರಕ್ಕೆ ಬಂದರೆ, ಪ್ರಾಣಿ ನೋಡಲು ಮಾರ್ಚ್‌ನಿಂದ ಮೇ ಒಳ್ಳೆಯದು. ತೇಗ, ಮತ್ತಿ ಎಲೆ ಉದುರಿಸಿರುತ್ತವೆ, ಕಣ್ಣು ದೂರ ಹೋಗುತ್ತದೆ. ಒಳಗಿನ ಕೆರೆಕಟ್ಟೆಗಳು ಬತ್ತುತ್ತವೆ. ಹಿನ್ನೀರು ಇಳಿದ ಕಡೆ ಎಳೆ ಹುಲ್ಲು ಚಿಗುರುತ್ತದೆ. ಆ ಹುಲ್ಲಿಗೂ ನೀರಿಗೂ ಆನೆಗಳು ಮರಿಗಳ ಸಮೇತ ಹಿಂಡುಹಿಂಡಾಗಿ ಬಯಲಿಗೆ ಇಳಿಯುತ್ತವೆ. ಏಷ್ಯಾದ ಕಾಡಾನೆಗಳು ಇಷ್ಟೊಂದು ಸಂಖ್ಯೆಯಲ್ಲಿ ಸೇರುವ ಜಾಗ ಅಪರೂಪ. ನಿಮ್ಮ ಮಗಳಿಗೆ ಇದನ್ನು ತೋರಿಸಲೇಬೇಕು ಎಂಬ ಕಾರಣಕ್ಕೇ ನಾನು ದಮ್ಮನಕಟ್ಟೆ ಎಂದದ್ದು. ಮಳೆಗಾಲದಲ್ಲಿ ಮಧ್ಯಪ್ರದೇಶದ ಕಾನ್ಹಾದಂಥ ಕಾಡುಗಳು ಮುಚ್ಚುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಸಫಾರಿ ನಡೆಯುತ್ತದೆ. ಕಾಡು ಸೊಂಪಾಗಿರುತ್ತದೆ, ಪ್ರಾಣಿಗಳು ಮಾತ್ರ ಅದರೊಳಗೆ ಮರೆಯಾಗಿರುತ್ತವೆ.

ಹುಲಿ ಕಾಣುತ್ತದೆಯೇ ಎಂದು ನೀವು ಕೇಳಲಿಲ್ಲ, ಮಗಳು ಖಂಡಿತ ಕೇಳುತ್ತಾಳೆ. 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳ ಲೆಕ್ಕ ಸಿಕ್ಕಿದೆ. ಆದರೆ ಸಫಾರಿ ವಾಹನ ಓಡಾಡುವುದು ಕಾಡಿನ ಒಂದು ಸಣ್ಣ ಪಾಲಿನಲ್ಲಿ ಮಾತ್ರ. ಅವಳಿಗೆ ಕಿವಿಗೊಟ್ಟು ಕೇಳುವುದನ್ನು ಕಲಿಸಿಕೊಡಿ. ಮರದ ತುದಿಯಲ್ಲಿ ಕೂತ ಮುಸುವ ಒಂದೇ ದಿಕ್ಕು ನೋಡುತ್ತ ಕೆಮ್ಮಿದ ಹಾಗೆ ಕೂಗುತ್ತದೆ. ಕೆಳಗೆ ಮೇಯುತ್ತಿದ್ದ ಚುಕ್ಕೆ ಜಿಂಕೆಗಳು ತಲೆ ಎತ್ತಿ, ಬಾಲ ನಿಮಿರಿಸಿ, ಚೂಪಾಗಿ ಕೂಗಿ ನೆಲಕ್ಕೆ ಕಾಲು ಬಡಿಯುತ್ತವೆ. ಜಿಂಕೆ ಸಣ್ಣಪುಟ್ಟದ್ದಕ್ಕೂ ಬೆದರೀತು. ಕಡವೆಯೂ ಬಿಡದೆ ಕೂಗತೊಡಗಿದರೆ ಹುಲಿಯೋ ಚಿರತೆಯೋ ಹತ್ತಿರವಿದೆ ಎಂದು ಬಹುಮಟ್ಟಿಗೆ ನಂಬಬಹುದು. ಚಾಲಕ ಎಂಜಿನ್ ಆಫ್ ಮಾಡಿದರೆ ಮಾತು ನಿಲ್ಲಿಸಿ. ಹುಲಿ ಹೊರಬರದಿದ್ದರೂ ಕಾಡು ಸುದ್ದಿ ಮುಟ್ಟಿಸುವ ಬಗೆ ಅವಳಿಗೆ ತಿಳಿದಿರುತ್ತದೆ.

ಸಫಾರಿ ಹಲವು ಗಂಟೆಯದು, ನಡುವೆ ಇಳಿಯುವಂತಿಲ್ಲ. ಮಗಳನ್ನು ಹತ್ತುವ ಮೊದಲೇ ಶೌಚಾಲಯಕ್ಕೆ ಕರೆದುಕೊಂಡು ಹೋಗಿ. ಕಂದು ಅಥವಾ ಹಸಿರು ಬಟ್ಟೆ, ಧೂಳಿಗೆ ಒಂದು ಕರವಸ್ತ್ರ, ಗುರುತಿನ ಚೀಟಿ ಇರಲಿ. ಸಾಧ್ಯವಾದರೆ ಯಾರಿಂದಲಾದರೂ ದುರ್ಬೀನು ಕೇಳಿ ತನ್ನಿ.

ಹೊರಡುವ ಹಿಂದಿನ ದಿನ ಅರಣ್ಯ ಇಲಾಖೆಗೆ ಒಮ್ಮೆ ಫೋನ್ ಮಾಡಿ ಸಫಾರಿ ಇದೆಯೇ ಎಂದು ವಿಚಾರಿಸಿ. ಕಾಡ್ಗಿಚ್ಚಿನ ದಿನಗಳಲ್ಲಿ ಅದು ನಿಲ್ಲುವುದುಂಟು. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿತ್ತು. ಹಾಗೇನಾದರೂ ಆಗಿದ್ದರೆ ಬೇಸರ ಮಾಡಿಕೊಳ್ಳದೆ ಪ್ರವಾಸ ಮುಂದಕ್ಕೆ ಹಾಕಿ. ಅಂಥ ಹೊತ್ತಿನಲ್ಲಿ ಇಲಾಖೆಯ ಸಿಬ್ಬಂದಿ ಹಳ್ಳಿಗಳ ಬಳಿ ಇರಬೇಕಾಗುತ್ತದೆ.