ಕಾರು ಸೋರಿದರೆ ಮೊದಲು ಸೀಲೆಂಟ್ ಟ್ಯೂಬಿಗೆ ಕೈ ಹಾಕಬೇಡಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅದರ ಸುತ್ತಮುತ್ತಲಿನ ಊರುಗಳಲ್ಲಿ ಹಳೇ ಕಾರು ಇಟ್ಟುಕೊಂಡವರಿಗೆ ಆರಿದ್ರೆ ಮಳೆ ಹಿಡಿಯುವಷ್ಟರಲ್ಲಿ ಒಂದು ದೂರು ಗ್ಯಾರಂಟಿ: ಮ್ಯಾಟ್ ಎತ್ತಿದರೆ ಅಡಿಯಲ್ಲಿ ನೀರು. ನನ್ನ ಕಾರು, ನೆಂಟರ ಕಾರು, ಪಕ್ಕದ ಮನೆಯವರ ಕಾರು ಅಂತ ಕೊಟ್ಟಿಗೆಯ ಮಾಡಿನ ಕೆಳಗೆ ಬಿಚ್ಚಿ ಜೋಡಿಸುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಇದಕ್ಕೆ ಬೇಕಾಗುವ ಸಾಮಾನು ಕಡಿಮೆ, ತಾಳ್ಮೆ ಸ್ವಲ್ಪ ಹೆಚ್ಚು.

1. ಕಾರಿನ ಮೈಯೊಳಗೆ ನೀರು ಬರುವುದು ತಪ್ಪಲ್ಲ, ಹೋಗದಿರುವುದು ತಪ್ಪು

ಕಾರೆಂದರೆ ಮುಚ್ಚಿದ ಡಬ್ಬಿ ಎಂದು ನಾವು ತಿಳಿದಿರುತ್ತೇವೆ. ಆದರೆ ಗಾಜು ಇಳಿಯುವ ಸಂದಿನಿಂದ ಪ್ರತಿ ಮಳೆಯಲ್ಲೂ ಬಾಗಿಲಿನೊಳಕ್ಕೆ ನೀರು ಇಳಿಯುತ್ತದೆ. ವೈಪರ್ ಕೆಳಗಿನ ಜಾಲರಿಯಿಂದಲೂ ಇಳಿಯುತ್ತದೆ. ಸನ್‌ರೂಫ್ ಇದ್ದರೆ ಅದರ ಚೌಕಟ್ಟಿಗೂ ಇಳಿಯುತ್ತದೆ. ಕಾರು ಮಾಡಿದವರಿಗೆ ಇದು ಗೊತ್ತು. ಹಾಗಾಗಿ ಪ್ರತಿಯೊಂದಕ್ಕೂ ಹೊರದಾರಿ ಇಟ್ಟಿರುತ್ತಾರೆ. ನಾನು ನೋಡಿದ ಸೋರಿಕೆಗಳಲ್ಲಿ ಬಹುಪಾಲು ಆ ಹೊರದಾರಿ ಕಟ್ಟಿಕೊಂಡು ಆದವು. ಅವಕ್ಕೆ ಔಷಧಿ ಕಸ ತೆಗೆಯುವುದು. ಅಂಟು ಮೆತ್ತಿದರೆ ಉಪಯೋಗವಿಲ್ಲ.

2. ನೀರನ್ನು ಮುಟ್ಟಿ, ಮೂಸಿ ನೋಡಿ

ಬಿಳಿ ಬಟ್ಟೆಯನ್ನು ಕಾರ್ಪೆಟ್ಟಿಗೆ ಒತ್ತಿ ತೆಗೆಯಿರಿ. ಮಣ್ಣುಬಣ್ಣ ಬಂದರೆ ಮಳೆನೀರು. ಮಳೆಯೇ ಇಲ್ಲದ ದಿನ, ಎಸಿ ಹಾಕಿಕೊಂಡು ದೂರ ಹೋಗಿ ಬಂದ ಮೇಲೆ ಮುಂದಿನ ಎಡ ಸೀಟಿನ ಕಾಲ ಬಳಿ ತಿಳಿನೀರು ಸಿಕ್ಕರೆ ಅದು ಎಸಿಯದು. ಹಸಿರೋ ಗುಲಾಬಿಯೋ ಬಣ್ಣ, ಬೆರಳಿಗೆ ಜಿಡ್ಡು, ಸಿಹಿ ವಾಸನೆ, ಜೊತೆಗೆ ಮುಂಗಾಜಿನ ಒಳಮೈಗೆ ಒರೆಸಿದರೂ ಹೋಗದ ಮಬ್ಬು ಇದ್ದರೆ ಅದು ಕೂಲೆಂಟ್, ಹೀಟರ್ ಕೋರ್ ಸೋರುತ್ತಿದೆ. ಕೂಲೆಂಟ್ ವಿಷ, ಮಕ್ಕಳನ್ನೂ ನಾಯಿಯನ್ನೂ ಹತ್ತಿರ ಬಿಡಬೇಡಿ. ಇದು ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ, ಮನೆಯಲ್ಲಿ ಬೇಡ.

3. ನೀರು ಕಂಡ ಜಾಗಕ್ಕೂ ಬಂದ ಜಾಗಕ್ಕೂ ಸಂಬಂಧ ಇರಬೇಕೆಂದಿಲ್ಲ

ಹಂಚಿನ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಡೆದ ಹಂಚು ಒಂದು ಕಡೆ ಇದ್ದರೆ ನೀರು ಪಕಾಸಿನ ಗುಂಟ ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಕಾರಿನಲ್ಲೂ ಹಾಗೆಯೇ. ಮುಂದೆ ಸೋರಿದ ನೀರು ಕಾರ್ಪೆಟ್ ಅಡಿ ಹರಿದು ಹಿಂದಿನ ಸೀಟಿನ ತಗ್ಗಿನಲ್ಲಿ ನಿಲ್ಲುತ್ತದೆ. ಏರಿನಲ್ಲಿ ನಿಲ್ಲಿಸಿದರೆ ಒಂದು ಕಡೆ, ಇಳಿಜಾರಿನಲ್ಲಿ ನಿಲ್ಲಿಸಿದರೆ ಇನ್ನೊಂದು ಕಡೆ. ಒದ್ದೆ ಕಾರಿನಲ್ಲಿ ಹುಡುಕಿದರೆ ಏನೂ ಸಿಗದು. ಮೊದಲು ಒಣಗಿಸಿ, ಆಮೇಲೆ ಪೈಪು ಹಿಡಿಯಿರಿ.

4. ಕೆಳಗಿನಿಂದ ಮೇಲಕ್ಕೆ, ನಿಧಾನವಾಗಿ

ಇದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗೆ ತೋಟದ ಪೈಪು ಹಿಡಿಯಬೇಕು. ಪೈಪಿನ ಬಾಯಿಗೆ ಬೆರಳಿಟ್ಟು ರಭಸ ಮಾಡಬೇಡಿ, ಮಳೆಯಂತೆ ಸುಮ್ಮನೆ ಹರಿಯಲಿ. ವಾಟರ್ ಸರ್ವಿಸಿನವರ ಪ್ರೆಶರ್ ಗನ್ ಅಂತೂ ಬೇಡವೇ ಬೇಡ. ಅದು ಸರಿಯಿರುವ ರಬ್ಬರ್ ಬೀಡಿಂಗಿನಲ್ಲೂ ನೀರು ನುಗ್ಗಿಸಿ ದಾರಿ ತಪ್ಪಿಸುತ್ತದೆ.

ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಗಾಜಿನ ಅಂಚು, ನಂತರ ವೈಪರ್ ಜಾಲರಿ, ಮುಂಗಾಜಿನ ಸುತ್ತ, ಕೊನೆಗೆ ಛಾವಣಿ. ಒಂದೊಂದು ಕಡೆಯೂ ಕೆಲವು ನಿಮಿಷ ನೀರು ಬಿಟ್ಟು ಕಾಯಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಇಡೀ ಮೈಮೇಲೆ ಇಳಿದು, ಎಲ್ಲಿಂದ ಬಂತೆಂದು ಹೇಳಲಾಗುವುದಿಲ್ಲ. ಒಳಗೆ ಅನುಮಾನದ ಜಾಗಕ್ಕೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿಡಿ. ನೀರು ಹಾದ ಗೆರೆ ಪೌಡರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಳಗೆ ಕೂರುವವರು ಮೊಬೈಲ್ ನೋಡದವರಾಗಿದ್ದರೆ ಒಳ್ಳೆಯದು.

5. ವೈಪರ್ ಕೆಳಗಿನ ಗುಂಡಿ ಮೊದಲ ಆರೋಪಿ

ಬಾನೆಟ್ ಎತ್ತಿ, ಮುಂಗಾಜಿನ ಬುಡದ ಪ್ಲಾಸ್ಟಿಕ್ ಜಾಲರಿಯ ಅಡಿ ನೋಡಿ. ಬೆಂಗಳೂರಿನ ರಸ್ತೆಬದಿಯ ಕಾರಾದರೆ ಗುಲ್‌ಮೊಹರಿನ ಸಣ್ಣ ಎಲೆ, ನಮ್ಮ ಕಡೆಯದಾದರೆ ಹಲಸಿನ ತರಗೆಲೆ, ಮಾವಿನ ಹೂವು. ಇವು ಕೊಳೆತು ಗೊಬ್ಬರವಾಗಿ ಎರಡೂ ಬದಿಯ ಡ್ರೈನ್ ತೂತುಗಳನ್ನು ಮುಚ್ಚುತ್ತವೆ. ಆಗ ಗುಂಡಿ ತುಂಬಿ, ಕ್ಯಾಬಿನ್ನಿಗೆ ಹೊರಗಾಳಿ ಎಳೆಯುವ ಬಾಯಿಯಿಂದ ನೀರು ಒಳಕ್ಕೆ ಬರುತ್ತದೆ. ಗುರುತು ಸುಲಭ: ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದಾಗ ಒದ್ದೆಯಾಗಿರುತ್ತದೆ. ಕೈಯಿಂದ ಕಸ ತೆಗೆದು, ತೂತಿಗೆ ಒಂದು ಚೊಂಬು ನೀರು ಹೊಯ್ಯಿರಿ. ಚಕ್ರದ ಹಿಂದೆ ನೆಲಕ್ಕೆ ಬಿದ್ದರೆ ದಾರಿ ತೆರೆದಿದೆ. ಖರ್ಚು ಸೊನ್ನೆ.

6. ಎಸಿ ನೀರಿಗೆ ಚೂಪು ತಂತಿ ಬೇಡ

ಎಸಿ ಹಾಕಿ ನಿಂತ ಕಾರಿನ ಅಡಿ ನೀರು ತೊಟ್ಟಿಕ್ಕಬೇಕು. ಕರಾವಳಿಯ ತೇವದ ಗಾಳಿಯಲ್ಲಂತೂ ಧಾರಾಳವಾಗಿ ಸುರಿಯುತ್ತದೆ. ಕಾರಿನ ಅಡಿ ಒಣಗಿದ್ದು ಒಳಗೆ ಒದ್ದೆಯಾಗಿದ್ದರೆ ಡ್ರೈನ್ ಪೈಪು ಕಟ್ಟಿದೆ ಎಂದರ್ಥ. ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯ ಕೆಳಭಾಗದಲ್ಲಿ ಅದರ ರಬ್ಬರ್ ಮೂತಿ ಇರುತ್ತದೆ. ಸೈಕಲ್ ಕಡ್ಡಿ ತೂರಿಸುವವರನ್ನು ನೋಡಿದ್ದೇನೆ. ಒಳಗಿರುವ ಎಸಿ ಕಾಯಿಲಿಗೆ ಅದು ಚುಚ್ಚಿದರೆ ಗ್ಯಾಸೆಲ್ಲ ಹೋಗಿ, ಸೊನ್ನೆ ಖರ್ಚಿನ ಕೆಲಸಕ್ಕೆ ಸಾವಿರಗಟ್ಟಲೆ ತೆರಬೇಕಾಗುತ್ತದೆ. ತೋಟದಲ್ಲಿ ಕಳೆ ಹೊಡೆಯುವ ಯಂತ್ರದ ನೈಲಾನ್ ದಾರ ಇದಕ್ಕೆ ಹೇಳಿ ಮಾಡಿಸಿದ್ದು, ಬಾಗುತ್ತದೆ, ಚುಚ್ಚುವುದಿಲ್ಲ.

ಸನ್‌ರೂಫಿನ ಡ್ರೈನ್ ಪೈಪುಗಳಿಗೂ ಇದೇ ದಾರ. ಸಾಮಾನ್ಯವಾಗಿ ನಾಲ್ಕು ಮೂಲೆಗೆ ನಾಲ್ಕು ಇರುತ್ತವೆ, ಕಂಬಗಳೊಳಗೆ ಇಳಿಯುತ್ತವೆ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಡಿ. ಪೈಪು ಒಳಗೇ ಕಳಚಿಕೊಂಡರೆ ಛಾವಣಿಯ ಬಟ್ಟೆ ಬಿಚ್ಚಿಸಬೇಕು.

7. ಕಿಟಕಿ ರಿಪೇರಿಯ ನಂತರ ಶುರುವಾದ ಸೋರಿಕೆ

ಬಾಗಿಲು ಹಾಕುವಾಗ ಒಳಗೆ ನೀರು ತುಳುಕಿದ ಸದ್ದು ಕೇಳಿದರೆ ಕೆಳಅಂಚಿನ ತೂತುಗಳಲ್ಲಿ ಮಣ್ಣು ತುಂಬಿದೆ, ಹಿಡಿಕಡ್ಡಿಯಿಂದ ಬಿಡಿಸಿ. ಸದ್ದಿಲ್ಲದೆ ಹೊಸ್ತಿಲ ಬಳಿ ಕಾರ್ಪೆಟ್ ನೆನೆದಿದ್ದರೆ ಡೋರ್ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ನೋಡಬೇಕು. ಪವರ್ ವಿಂಡೋ ಮೋಟಾರ್ ಬದಲಿಸುವಾಗ, ಹೊಸ ಸ್ಪೀಕರ್ ಕೂರಿಸುವಾಗ ಅದನ್ನು ಹರಿದು ಹಾಗೇ ಬಿಡುವುದು ನಮ್ಮಲ್ಲಿ ಮಾಮೂಲು. ಬಾಗಿಲಿನೊಳಕ್ಕೆ ಇಳಿದ ನೀರನ್ನು ಕ್ಯಾಬಿನ್ನಿಗೆ ಬಿಡದೆ ತಡೆಯುವುದೇ ಆ ಹಾಳೆ. ದಪ್ಪ ಪ್ಲಾಸ್ಟಿಕ್ ಕತ್ತರಿಸಿ, ಬ್ಯುಟೈಲ್ ಟೇಪಿನಿಂದ ಸುತ್ತ ಅಂಟಿಸಿ. ಹಾಳೆಯ ಕೆಳತುದಿ ಬಾಗಿಲಿನ ಒಳಕ್ಕೆ ಇಳಿಬಿದ್ದಿರಲಿ, ಹೊರಗೆ ಬಂದರೆ ನೀರೂ ಹೊರಗೆ ಬರುತ್ತದೆ.

ಬೀಡಿಂಗ್ ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು. ಬಾಗಿಲಿಗೆ ಸಿಕ್ಕಿಸಿ ಎಳೆದಾಗ ಬಿಗಿಯಾಗಿ ಬರಬೇಕು. ಸಲೀಸಾಗಿ ಬಂದ ಕಡೆ ರಬ್ಬರು ಸತ್ತಿದೆ. ಅದಕ್ಕೆ ಇಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿ, ರಬ್ಬರು ಉಬ್ಬಿ ಕೆಡುತ್ತದೆ. ಸಿಲಿಕೋನ್ ಗ್ರೀಸ್ ಆಗಬಹುದು.

8. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡಿ

ಸ್ಟೆಪ್ನಿ ಗುಂಡಿಯಲ್ಲಿ ನೀರಿದ್ದರೆ ಹಿಂದಿನ ದೀಪಗಳ ಗ್ಯಾಸ್ಕೆಟ್, ಡಿಕ್ಕಿಯ ಬೀಡಿಂಗ್, ಛಾವಣಿಯ ಆಂಟೆನಾ ಬುಡ ಈ ಮೂರನ್ನು ಮೊದಲು ನೋಡಿ. ಗುಂಡಿಯ ತಳದ ರಬ್ಬರ್ ಬುಚ್ಚು ತೆಗೆದರೆ ನೀರು ಹೋಗುತ್ತದೆ. ಮತ್ತೆ ಹಾಕಲು ಮರೆತರೆ ರಸ್ತೆಯ ನೀರು ಅಲ್ಲಿಂದಲೇ ಮೇಲೆ ಬರುತ್ತದೆ.

9. ಇಲಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಅಡಿಕೆ ಕಣದ ಪಕ್ಕ ನಿಲ್ಲುವ ಕಾರುಗಳಲ್ಲಿ ಇಲಿ ವೈರ್ ಮಾತ್ರ ಕಡಿಯುವುದಿಲ್ಲ, ಡ್ರೈನ್ ಪೈಪು, ವೈರ್ ಹಾಯುವ ಗ್ರೊಮೆಟ್‌ಗಳನ್ನೂ ಕಡಿಯುತ್ತದೆ. ಹೆಚ್ಚುವರಿ ಹಾರ್ನ್, ಫಾಗ್ ಲ್ಯಾಂಪಿಗೆಂದು ಯಾರೋ ಕೊರೆದು ಗ್ರೊಮೆಟ್ ಹಾಕದೆ ಬಿಟ್ಟ ತೂತೂ ಇಲಿಯಷ್ಟೇ ಕೆಲಸ ಕೆಡಿಸುತ್ತದೆ.

10. ಸೀಟು ಬಿಚ್ಚುವ ಮೊದಲು ಬ್ಯಾಟರಿ ಬಿಚ್ಚಿ

ಕಾರ್ಪೆಟ್ ಮೇಲ್ಮೈ ಒಣಗಿತೆಂದು ನಂಬಬೇಡಿ. ಅದರಡಿಯ ಫೆಲ್ಟ್ ಅಥವಾ ಸ್ಪಂಜು ವಾರಗಟ್ಟಲೆ ನೀರು ಹಿಡಿದಿಡುತ್ತದೆ. ಬೂಷ್ಟು ಬರುವುದು, ನೆಲದ ತಗಡು ತುಕ್ಕು ಹಿಡಿಯುವುದು ಅಲ್ಲಿಂದಲೇ. ಸುಗಂಧದ ಡಬ್ಬಿ ತೂಗಿಸಿದರೆ ವಾಸನೆ ಎರಡಾಗುತ್ತದೆ, ಅಷ್ಟೇ.

ಕಾರ್ಪೆಟ್ ಎತ್ತಲೇಬೇಕು, ಅದಕ್ಕೆ ಸೀಟು ಬಿಚ್ಚಬೇಕು. ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಇಲ್ಲವೇ ಸೀಟ್‌ಬೆಲ್ಟ್ ಬಿಗಿಯುವ ವ್ಯವಸ್ಥೆಯದು. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕಾರಿನ ಮ್ಯಾನುಯಲ್ ಹೇಳುವಷ್ಟು ಹೊತ್ತು ಕಾದು ಆಮೇಲೆ ಅದನ್ನು ಮುಟ್ಟಿ. ಕನೆಕ್ಟರ್ ಕಳಚಿರುವಾಗ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ. ಬೋಲ್ಟುಗಳನ್ನು ಮತ್ತೆ ಹಾಕುವಾಗ ಪೂರ್ತಿ ಬಿಗಿಯಿರಿ. ಅಪಘಾತದಲ್ಲಿ ನಿಮ್ಮನ್ನು ಹಿಡಿದಿಡುವುದು ಆ ಬೋಲ್ಟುಗಳೇ.

ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು? ನಮ್ಮಲ್ಲಿ ಬಚ್ಚಲೊಲೆಯ ಮೇಲಿನ ಅಟ್ಟ ಇದೆ. ಕಾರ್ಪೆಟ್ಟನ್ನು ಒಲೆಯಿಂದ ದೂರವೇ ಹರವಿ, ಹತ್ತಿರವಾದರೆ ಪ್ಲಾಸ್ಟಿಕ್ ಎಳೆ ಕರಗುತ್ತದೆ. ಪೇಟೆಯವರು ಟೇಬಲ್ ಫ್ಯಾನ್ ಇಡಿ. ಜೋಡಿಸಿದ ಮೇಲೆ ಗಾಜು ಏರಿಸಿ, ಎಸಿ ಹಾಕಿ, ಗುಬ್ಬಿಯನ್ನು ಬಿಸಿ ಕಡೆಗೆ ತಿರುಗಿಸಿ ಒಂದು ಸುತ್ತು ಓಡಿಸಿದರೆ ಉಳಿದ ತೇವವೂ ಹೋಗುತ್ತದೆ. ಬಾಗಿಲು ಹಾಕಿದ ಶೆಡ್ಡಿನೊಳಗೆ ಇಂಜಿನ್ ಓಡಿಸಬೇಡಿ, ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

11. ಸೀಲೆಂಟ್ ಕೊನೆಗೆ, ಅದೂ ಸರಿಯಾದದ್ದು

ತಗಡಿನ ಜೋಡಣೆ ಬಿರುಕು ಬಿಟ್ಟಿದೆ ಎಂದು ಖಚಿತವಾದರೆ ಮಾತ್ರ ಟ್ಯೂಬು ತೆಗೆಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಹುಳಿ ವಾಸನೆಯ ಸಿಲಿಕೋನ್ ಕಾರಿಗಲ್ಲ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಗಡನ್ನು ತಿನ್ನುತ್ತದೆ, ಅದರ ಮೇಲೆ ಬಣ್ಣವೂ ಕೂರುವುದಿಲ್ಲ. ಎಂ-ಸೀಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕಾರಿನ ಬಾಡಿ ಓಡುವಾಗ ತಿರುಚುವುದರಿಂದ ಬಿರುಕು ಬಿಡುತ್ತದೆ. ಬೇಕಾದದ್ದು ಬಾಡಿಗೆಂದೇ ಬರುವ ಪಾಲಿಯುರೆಥೇನ್ ಸೀಲೆಂಟ್. ಹಚ್ಚುವ ಜಾಗ ಸ್ವಚ್ಛವಾಗಿ ಒಣಗಿರಬೇಕು. ಹಚ್ಚಿದ ಮೇಲೆ ಅದು ಗಟ್ಟಿಯಾಗುವುದು ಗಾಳಿಯ ತೇವದಿಂದಲೇ, ಆದ್ದರಿಂದ ಮಳೆಗಾಲದಲ್ಲೂ ಕೆಲಸ ನಡೆಯುತ್ತದೆ. ಮುಂಗಾಜಿನ ಅಂಟೇ ಬಿಟ್ಟಿದ್ದರೆ ಹೊರಗಿನಿಂದ ಮೆತ್ತುವುದು ಕಣ್ಣೊರೆಸುವ ಕೆಲಸ. ಗಾಜು ತೆಗೆಸಿ ಹೊಸದಾಗಿ ಕೂರಿಸಿಕೊಳ್ಳಿ.

12. ಇವಕ್ಕೆ ಕೈ ಹಾಕಬೇಡಿ

ಕೇಸರಿ ಬಣ್ಣದ ಕೇಬಲ್ ಇರುವ ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಿನ ನೆಲದಲ್ಲಿ ನೀರು ನಿಂತಿದ್ದರೆ ಬಿಚ್ಚಬೇಡಿ. ಸೆಂಟ್ರಲ್ ಲಾಕ್ ತನ್ನಷ್ಟಕ್ಕೆ ಬಿದ್ದು ಏಳುತ್ತಿದ್ದರೆ ನೀರು ಕಂಟ್ರೋಲ್ ಯೂನಿಟ್ಟಿಗೆ ಮುಟ್ಟಿರಬಹುದು, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಪ್ರವಾಹದಲ್ಲಿ ಸೀಟಿನ ಮಟ್ಟದವರೆಗೆ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿ ನೋಡುವುದೂ ಬೇಡ. ಫೋಟೋ ತೆಗೆದು, ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ, ವರ್ಕ್‌ಶಾಪಿಗೆ ಎಳೆಸಿಕೊಂಡು ಹೋಗಿ.